ಒಂದು ತೋಳಿಗೆ ಮೂರು ಪುಸ್ತಕ

ತರೀಕೆರೆಯ ಒಂದು ಮನೆ. ಚಿಕ್ಕಮ್ಮ ಜಿಎನ್‌ಎಂ ಓದಿ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದವರು. ಸ್ಟಾಫ್ ನರ್ಸ್ ಆಗಿ ಸೇರಿ ನರ್ಸಿಂಗ್ ಆಫೀಸರ್ ಆಗಿ ಹೊರಬಂದ ತಲೆಮಾರು. ಅಕ್ಕನ ಮಗಳು ಅಜ್ಜಂಪುರದವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಕಡೂರಿನಲ್ಲಿ ಅಜ್ಜಿ ಮನೆಯಲ್ಲಿದ್ದು ಪಿಯುಸಿ ಸೈನ್ಸ್, ಈಗ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೊದಲ ಸೆಮಿಸ್ಟರ್. ಹಾಸ್ಟೆಲ್ ಖರ್ಚು ಉಳಿಯಲಿ ಅಂತ ಚಿಕ್ಕಮ್ಮನ ಮನೆಯಿಂದಲೇ ಓಡಾಟ.

ಹುಡುಗಿ: ಚಿಕ್ಕಮ್ಮ, ಇಂಟರ್ನಲ್ ಪೇಪರ್ ಕೊಟ್ರು. ಅನಾಟಮಿಲಿ ಅರ್ಧಾನೂ ಬಂದಿಲ್ಲ. ಫಿಸಿಯಾಲಜಿ ಅದಕ್ಕಿಂತ ಕಮ್ಮಿ. ಸೋಷಿಯಾಲಜಿ ಒಂದು ಪರವಾಗಿಲ್ಲ.

ಚಿಕ್ಕಮ್ಮ: ಓದಿರಲಿಲ್ವಾ?

ಹುಡುಗಿ: ಓದ್ದೇ ಇರ್ತೀನಾ? ಬೆಳಿಗ್ಗೆ ಐದಕ್ಕೆ ಎದ್ದಿದ್ದು ನೀನೇ ನೋಡಿದೀಯಲ್ಲ. ಅರ್ಧ ಗಂಟೆ ಅನಾಟಮಿ, ಅರ್ಧ ಗಂಟೆ ಫಿಸಿಯಾಲಜಿ, ಅರ್ಧ ಗಂಟೆ ನರ್ಸಿಂಗ್ ಫೌಂಡೇಶನ್. ರಾತ್ರಿ ಸೈಕಾಲಜಿ, ಸೋಷಿಯಾಲಜಿ, ಇಂಗ್ಲಿಷ್. ಒಂದನ್ನೂ ಬಿಟ್ಟಿಲ್ಲ.

ಚಿಕ್ಕಮ್ಮ: ಅದೇ ನೋಡು ತಪ್ಪಾಗಿರೋದು. ಪಂಕ್ತೀಲಿ ಕೂತೋರಿಗೆ ಬಡಿಸಿದ ಹಾಗೆ ಆರಕ್ಕೂ ಸಮಸಮ ಬಡಿಸ್ಕೊಂಡು ಹೋಗಿದೀಯ. ಯಾವುದಕ್ಕೆ ಹಸಿವು ಎಷ್ಟು ಅಂತ ಕೇಳೇ ಇಲ್ಲ. ಸಿಲಬಸ್ ಪುಸ್ತಕ ತಗೊಂಡು ಬಾ. ಯಾವುದಕ್ಕೆ ಎಷ್ಟು ಗಂಟೆ ಅಂತ ಓದು.

ಹುಡುಗಿ: ಅನಾಟಮಿ 60. ಫಿಸಿಯಾಲಜಿ 60. ಸೋಷಿಯಾಲಜಿ, ಸೈಕಾಲಜಿ ಒಂದೊಂದಕ್ಕೂ 60. ಇಂಗ್ಲಿಷ್ 40. ನರ್ಸಿಂಗ್ ಫೌಂಡೇಶನ್ ಥಿಯರಿ 120, ಲ್ಯಾಬ್ 80, ಆಸ್ಪತ್ರೆ ಪೋಸ್ಟಿಂಗ್ 160.

ಚಿಕ್ಕಮ್ಮ: ಕೂಡಿದ್ರೆ 640. ಇದನ್ನೆಲ್ಲ ಇಪ್ಪತ್ತು ವಾರದಲ್ಲಿ ಮುಗಿಸ್ಬೇಕು. ಅಂದ್ರೆ ಮನುಷ್ಯನ ಮೈಯೊಳಗೆ ಏನೇನಿದೆ ಅಂತ ಹೇಳೋಕೆ ವಾರಕ್ಕೆ ಮೂರೇ ಗಂಟೆ. ಅದು ಹೆಂಗೆ ಕೆಲಸ ಮಾಡುತ್ತೆ ಅನ್ನೋಕೆ ಇನ್ನು ಮೂರು ಗಂಟೆ. ಸಮಾಜಶಾಸ್ತ್ರಕ್ಕೂ ಅಷ್ಟೇ ಗಂಟೆ ಕೊಟ್ಟಿದಾರೆ, ಆದ್ರೆ ಎರಡರ ಭಾರ ಒಂದೇನಾ? ಕುಟುಂಬ ಅಂದ್ರೇನು, ಜಾತ್ರೆ ಯಾಕೆ ಮಾಡ್ತಾರೆ, ಊರಲ್ಲಿ ಸೂಲಗಿತ್ತಿ ಮಾತು ಯಾಕೆ ನಡೀತಿತ್ತು ಅನ್ನೋದು ಅಜ್ಜಂಪುರದ ಹುಡುಗಿಗೆ ಅರ್ಧ ಗೊತ್ತಿರೋದೇ. ಬ್ರೇಕಿಯಲ್ ಪ್ಲೆಕ್ಸಸ್ ಗೊತ್ತಿತ್ತಾ?

ಹುಡುಗಿ: ಆದ್ರೂ ಸೋಷಿಯಾಲಜಿ, ಸೈಕಾಲಜಿಗೂ ಯೂನಿವರ್ಸಿಟಿ ಪರೀಕ್ಷೆ ಇದೆ. ಸೀನಿಯರ್ಸ್ ಎಷ್ಟೋ ಜನ ಅದರಲ್ಲೇ ಕೂತಿದಾರೆ. ಸುಲಭ ಅಂತ ಬಿಟ್ಟು ಬಿಟ್ಟು ಕೊನೆಗೆ ಅದೇ ಕೈ ಕೊಡ್ತಂತೆ.

ಚಿಕ್ಕಮ್ಮ: ಆ ಮಾತು ಸರಿ. ಬಿಡು ಅಂತ ನಾನು ಹೇಳ್ತಿಲ್ಲ. ಅವೆರಡನ್ನು ಬಸ್ಸಿಗೆ, ಶನಿವಾರಕ್ಕೆ ಹಾಕು. ನಿಂತ್ಕೊಂಡು ಓದೋ ಪಾಠ ಬೇರೆ, ಕೂತು ಬರೆದು ಕಲಿಯೋ ಪಾಠ ಬೇರೆ.

ಹುಡುಗಿ: ಬಸ್ಸಲ್ಲಿ ಪುಸ್ತಕ ತೆಗೆಯೋಕೆ ಜಾಗ ಎಲ್ಲಿದೆ? ಶಕ್ತಿ ಯೋಜನೆ ಬಂದಮೇಲೆ ಟಿಕೆಟ್ಟಿಗೆ ದುಡ್ಡಿಲ್ಲ ಅನ್ನೋದು ನಿಜ, ಆದ್ರೆ ಬೆಳಿಗ್ಗೆ ಹೊತ್ತು ಭದ್ರಾವತಿವರೆಗೂ ಒಂಟಿ ಕಾಲಲ್ಲೇ.

ಚಿಕ್ಕಮ್ಮ: ಆ ಯೋಜನೆ 2023ರ ಜೂನಲ್ಲಿ ಬರದೇ ಇದ್ದಿದ್ರೆ ನಿಮ್ಮಪ್ಪ ನಿನ್ನನ್ನ ಶಿವಮೊಗ್ಗಕ್ಕೆ ಕಳಿಸ್ತಿದ್ರೋ ಇಲ್ವೋ. ನಿಂತ್ಕೊಂಡೇ ಹೋಗು, ಪುಸ್ತಕ ಬೇಡ. ನಿನ್ನೆ ಓದಿದ್ದನ್ನ ಮನಸ್ಸಲ್ಲೇ ಕೇಳ್ಕೊ. ಮೆದುಳಿಂದ ಹೊರಡೋ ನರ ಹನ್ನೆರಡು ಜೊತೆ, ಏಳನೇದು ಏನು ಮಾಡುತ್ತೆ? ಕಣ್ಣು ಮುಚ್ಚಿಸುತ್ತಾ, ತೆರೆಸುತ್ತಾ? ಹೇಳೋಕಾಗ್ಲಿಲ್ಲ ಅಂದ್ರೆ ಸಂಜೆ ನೋಡ್ಬೇಕಾದ್ದು ಅದೇ. ಪುಸ್ತಕ ತೆರೆದಿಟ್ಕೊಂಡು ಮೂರು ಸಲ ಓದಿದ್ರೆ ಎಲ್ಲ ಗೊತ್ತಿದೆ ಅನ್ಸುತ್ತೆ. ಮುಚ್ಚಿ ಕೇಳಿದಾಗ್ಲೇ ಬಣ್ಣ ಬಯಲಾಗೋದು.

ಹುಡುಗಿ: ಮುಚ್ಚಿಸುತ್ತೆ. ಅದಕ್ಕೇ ಮುಖದ ಪಾರ್ಶ್ವವಾಯು ಆದೋರಿಗೆ ಒಂದು ಕಣ್ಣು ಮುಚ್ಚೋಕಾಗಲ್ಲ.

ಚಿಕ್ಕಮ್ಮ: ಸರಿ ಹೇಳಿದೆ. ಇದು ಅನಾಟಮಿನೋ, ಫಿಸಿಯಾಲಜಿನೋ, ನರ್ಸಿಂಗೋ?

ಹುಡುಗಿ: ಮೂರೂ.

ಚಿಕ್ಕಮ್ಮ: ಹಂಗಂದ್ಮೇಲೆ ಬೇರೆ ಬೇರೆ ಅರ್ಧ ಗಂಟೆ ಯಾಕೆ ಮಾಡ್ಕೊಂಡೆ? ಪರೀಕ್ಷೆ ಹೆಂಗೆ ಬರುತ್ತೆ ಅಂತ ನೋಡಿದೀಯಾ? ಅನಾಟಮಿ 37, ಫಿಸಿಯಾಲಜಿ 38, ಎರಡೂ ಸೇರಿ 75ರ ಒಂದೇ ಪೇಪರು. ಇಂಟರ್ನಲ್ 25 ಬೇರೆ. ನರ್ಸಿಂಗ್ ಕೌನ್ಸಿಲ್‌ನವರು ಸೆಮಿಸ್ಟರ್ ಪದ್ಧತಿ ತರೋಕೆ ಮುಂಚೇನೂ ಎರಡೂ ಒಂದೇ ಪ್ರಶ್ನೆಪತ್ರಿಕೇಲೇ ಇದ್ವು. ಮುಂಚೆ ವರ್ಷಕ್ಕೊಂದು ಪರೀಕ್ಷೆ, ಆಗ ಬಯೋಕೆಮಿಸ್ಟ್ರಿ, ನ್ಯೂಟ್ರಿಷನ್, ಮೈಕ್ರೋಬಯಾಲಜಿ ಎಲ್ಲ ಮೊದಲ ವರ್ಷದಲ್ಲೇ ಬೀಳ್ತಿತ್ತು. ಈಗ ಮೈಕ್ರೋಬಯಾಲಜಿ ಮೂರನೇ ಸೆಮಿಸ್ಟರಿಗೆ ಹೋಗಿದೆ. ನಿಮಗೆ ಅಷ್ಟರ ಮಟ್ಟಿಗೆ ಹಗುರ.

ಹುಡುಗಿ: ಹಗುರ ಅಂತ ನೀನು ಹೇಳ್ತೀಯ! ಅಮೆರಿಕದಲ್ಲಿರೋ ದೊಡ್ಡಪ್ಪನ ಮಗಳು ಫೋನಲ್ಲಿ ಹೇಳ್ತಿದ್ಲು, ಅವರ ಕಡೆ ನರ್ಸಿಂಗಿಗೆ ಸೇರೋಕೆ ಮುಂಚೇನೇ ಇವನ್ನೆಲ್ಲ ಬೇರೆ ಕಾಲೇಜಲ್ಲಿ ಒಂದೊಂದಾಗಿ ಮುಗಿಸ್ಕೊಬಹುದಂತೆ. ಒಂದು ಸೆಮಿಸ್ಟರ್ ಅನಾಟಮಿ-ಫಿಸಿಯಾಲಜಿ ಮೊದಲ ಭಾಗ, ಇನ್ನೊಂದರಲ್ಲಿ ಎರಡನೇ ಭಾಗ, ಆಮೇಲೆ ಮೈಕ್ರೋಬಯಾಲಜಿ. ಎರಡು ಲ್ಯಾಬ್ ಸೈನ್ಸ್ ಒಟ್ಟಿಗೆ ತಗೊಳ್ಳೋಕೇ ಯೋಚನೆ ಮಾಡ್ತಾರಂತೆ. ನಮಗೆ ಆ ಆಯ್ಕೆ ಎಲ್ಲಿದೆ?

ಚಿಕ್ಕಮ್ಮ: ಅಲ್ಲಿ ಪ್ರತಿ ಕ್ರೆಡಿಟ್ಟಿಗೂ ಡಾಲರ್ ಎಣಿಸ್ಬೇಕು ಅಂತಾನೂ ಹೇಳಿದ್ಲಾ? ಎಲ್ಲ ಮುಗಿಸಿ, ಒಳ್ಳೆ ಗ್ರೇಡ್ ತೋರಿಸಿ, ಆಮೇಲೆ ನರ್ಸಿಂಗ್ ಸೀಟಿಗೆ ಅರ್ಜಿ. ಸೀಟು ಸಿಗ್ದೇ ಇದ್ರೆ ಓದಿದ ಸೈನ್ಸ್ ಹಳೇದಾಗುತ್ತೆ. ಐದು ವರ್ಷ, ಏಳು ವರ್ಷ ಆಯ್ತು ಅಂದ್ರೆ ಮತ್ತೆ ಓದು ಅನ್ನೋ ಕಾಲೇಜುಗಳಿವೆ. ನಿನಗೆ ಸೀಟು ಸಿಕ್ಕಿಯಾಗಿದೆ. ಕಟ್ಟುನಿಟ್ಟು ಇರೋದು ನಿಜ. ಥಿಯರಿಗೆ ನೂರಕ್ಕೆ ಎಂಬತ್ತು ಹಾಜರಿ ಇಲ್ದಿದ್ರೆ ಪರೀಕ್ಷೆಗೆ ಕೂರಿಸಲ್ಲ, ಪೋಸ್ಟಿಂಗ್ ಅಂತೂ ಪೂರ್ತಿ ನೂರು ಆಗ್ಲೇಬೇಕು, ಇಲ್ಲ ಅಂದ್ರೆ ಡಿಗ್ರಿ ಕೊಡಲ್ಲ. ಯಾವ ಸಬ್ಜೆಕ್ಟ್ ಯಾವಾಗ ಅನ್ನೋದು ನಿನ್ನ ಕೈಲಿಲ್ಲ. ದಿನದ ಯಾವ ಹೊತ್ತಲ್ಲಿ ಯಾವುದು ಅನ್ನೋದು ನಿನ್ನ ಕೈಲೇ ಇದೆ.

ಹುಡುಗಿ: ಅದನ್ನ ಹೇಳು ಮತ್ತೆ.

ಚಿಕ್ಕಮ್ಮ: ಬಾಯಲ್ಲಿ ಹೇಳೋದಕ್ಕಿಂತ, ತೋಳು ಚಾಚು. ಆ ಕಪಾಟಲ್ಲಿ ಬಿಪಿ ನೋಡೋ ಉಪಕರಣ ಇದೆ, ತಗೊಂಡು ಬಾ. ಸ್ಟೆತೂ ಬೇಕು. ಈಗ ಮೊಣಕೈ ಮಡಿಕೆ ಮೇಲೆ ಒಳಭಾಗದಲ್ಲಿ ಬೆರಳಿಡು. ಬೈಸೆಪ್ಸ್‌ನ ಗಟ್ಟಿ ಹಗ್ಗ ಸಿಗುತ್ತಲ್ಲ, ಅದರಿಂದ ಮೈ ಕಡೆಗೆ ಸ್ವಲ್ಪ ಸರಿಸು. ಮಿಡಿಯುತ್ತಾ?

ಹುಡುಗಿ: ಹೂಂ, ಮಿಡೀತಿದೆ.

ಚಿಕ್ಕಮ್ಮ: ಅದೇ ಬ್ರೇಕಿಯಲ್ ಆರ್ಟರಿ. ಎಲ್ಲಿಂದ ಬಂತು, ಮುಂದೆ ಹೋಗಿ ಯಾವ ಎರಡಾಗಿ ಒಡೆಯುತ್ತೆ, ಇಷ್ಟು ಅನಾಟಮಿ. ಈಗ ಪಟ್ಟಿ ಸುತ್ತು. ಮಡಿಕೆಯಿಂದ ಎರಡೂವರೆ ಸೆಂಟಿಮೀಟರ್ ಮೇಲೆ ಅದರ ಅಂಚು ಬರ್ಲಿ. ಮೊದಲು ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬು, ನಾಡಿ ಎಲ್ಲಿ ನಿಲ್ತು ನೋಡು, ಅದಕ್ಕಿಂತ ಮೂವತ್ತು ಮೇಲಕ್ಕೆ ಏರಿಸು. ಈಗ ಸ್ಟೆತ್ ಇಟ್ಟು ನಿಧಾನ ಬಿಡು. ಏನು ಕೇಳ್ತು?

ಹುಡುಗಿ: ಮೊದಲು ಏನೂ ಇಲ್ಲ. ಆಮೇಲೆ ಟಕ್ ಟಕ್ ಅಂತ. ಕೊನೆಗೆ ಮತ್ತೆ ಏನೂ ಇಲ್ಲ.

ಚಿಕ್ಕಮ್ಮ: ಯಾಕೆ? ಪೂರ್ತಿ ಅದುಮಿದಾಗ ರಕ್ತ ಹೋಗಲ್ಲ, ಅದಕ್ಕೆ ಸದ್ದಿಲ್ಲ. ಪೂರ್ತಿ ತೆರೆದಾಗ ರಕ್ತ ನೆಟ್ಟಗೆ ಹರಿಯುತ್ತೆ, ಆಗ್ಲೂ ಸದ್ದಿಲ್ಲ. ನಡುವೆ ಅರ್ಧ ಅದುಮಿರೋವಾಗ ಮಾತ್ರ ಹೃದಯ ಒತ್ತಿದ ಪ್ರತಿ ಸಲ ರಕ್ತ ನುಗ್ಗಿ ಸುಳಿ ಏಳುತ್ತೆ. ಮೊದಲ ಟಕ್ ಮೇಲಿನ ಅಂಕಿ, ಸದ್ದು ನಿಂತ ಜಾಗ ಕೆಳಗಿನ ಅಂಕಿ. 1905ರಲ್ಲಿ ಕೊರೊಟ್ಕಾವ್ ಅನ್ನೋ ರಷ್ಯನ್ ಸರ್ಜನ್ ಇದನ್ನ ಕೇಳಿ ಹೇಳಿದ್ದು, ಇವತ್ತಿಗೂ ಸ್ಟೆತ್ ಇಟ್ಟು ಬಿಪಿ ನೋಡೋ ಕಡೆಯೆಲ್ಲ ಅದೇ. ಇದು ಫಿಸಿಯಾಲಜಿ. ಚಳಿಗಾಲದಲ್ಲಿ ಸ್ವೆಟರ್ ಮೇಲೇ ಪಟ್ಟಿ ಸುತ್ತಬೇಡ, ದಪ್ಪ ತೋಳಿಗೆ ಸಣ್ಣ ಪಟ್ಟಿ ಹಾಕಿದ್ರೆ ಬಿಪಿ ಇಲ್ಲದೋರಿಗೂ ಜಾಸ್ತಿ ತೋರಿಸುತ್ತೆ, ತೋಳು ಹೃದಯದ ಮಟ್ಟಕ್ಕಿಂತ ಕೆಳಗೆ ಜೋತುಬಿದ್ರೂ ಜಾಸ್ತಿ ತೋರಿಸುತ್ತೆ. ಇದು ನರ್ಸಿಂಗ್ ಫೌಂಡೇಶನ್. ನೋಡು, ನಿನ್ನ ಒಂದು ತೋಳಿಗೆ ಮೂರು ಪುಸ್ತಕ ಆಯ್ತು. ಎಷ್ಟು ಹೊತ್ತಾಯ್ತು?

ಹುಡುಗಿ: ಹತ್ತು ನಿಮಿಷ ಇರಬಹುದು. ಆದ್ರೆ ಪರೀಕ್ಷೇಲಿ ಹಿಂಗೆ ಕೇಳಲ್ವಲ್ಲ ಚಿಕ್ಕಮ್ಮ. "ಹೃದಯದ ರಚನೆಯನ್ನು ಚಿತ್ರ ಸಹಿತ ವಿವರಿಸಿ" ಅಂತ ಕೇಳ್ತಾರೆ.

ಚಿಕ್ಕಮ್ಮ: ಅದಕ್ಕೂ ಉಪಾಯ ಇದೆ. ಭಾನುವಾರ ಮಟನ್ ಅಂಗಡಿಗೆ ಹೋದಾಗ ಕುರಿ ಹೃದಯ ಕತ್ತರಿಸ್ದೇ ಇಡಿಯಾಗಿ ಕೊಡಪ್ಪ ಅಂತ ಕೇಳಿ ತರ್ತೀನಿ. ನಮ್ಮ ಹಾಗೇ ನಾಲ್ಕು ಕೋಣೆ. ಚಾಕು ಹಾಕಿ ಸೀಳಿದ್ರೆ ಎಡಗಡೆ ಕೆಳಗಿನ ಕೋಣೆ ಗೋಡೆ ಬಲಗಡೇದಕ್ಕಿಂತ ಎಷ್ಟು ದಪ್ಪ ಅಂತ ಬೆರಳಲ್ಲೇ ಗೊತ್ತಾಗುತ್ತೆ. ಬಲಗಡೇದು ಪಕ್ಕದ ಶ್ವಾಸಕೋಶಕ್ಕೆ ತಳ್ಳಿದ್ರೆ ಸಾಕು, ಎಡಗಡೇದು ಹೆಬ್ಬೆರಳವರೆಗೂ ತಳ್ಳಬೇಕು. ಗೋಡೆಯ ದಪ್ಪ ಅನಾಟಮಿ, ಒತ್ತಡ ಫಿಸಿಯಾಲಜಿ, ಈಗ ತೋಳಲ್ಲಿ ಕೇಳಿದ ಟಕ್ ಅದೇ ಒತ್ತಡದ ಸದ್ದು. ಕವಾಟಕ್ಕೆ ಬಿಳಿ ದಾರಗಳು ಕಟ್ಟಿರೋದು ಕಾಣುತ್ತೆ. ಅಯೋರ್ಟದ ಬುಡದಲ್ಲಿ ಕವಾಟದ ಮೇಲೇ ಎರಡು ಸಣ್ಣ ತೂತು. ಪೊರಕೆ ಕಡ್ಡಿ ತೂರಿಸಿ ನೋಡು, ಹೃದಯದ ಮೈಮೇಲಿನ ರಕ್ತನಾಳಕ್ಕೆ ಹೋಗುತ್ತೆ. ಹೃದಯ ತನ್ನ ಊಟಾನೂ ಅಲ್ಲಿಂದಲೇ ತಗೊಳ್ಳೋದು. ಎಡಗಡೆಗೆ ಹೆಚ್ಚಿನ ಪಾಲು ರಕ್ತ ಬರೋದು ಹೃದಯ ಸಡಿಲ ಆದಾಗ. ಎದೆಬಡಿತ ವಿಪರೀತ ಜೋರಾದ್ರೆ ಆ ಸಡಿಲ ಸಮಯಾನೇ ಕಮ್ಮಿ ಆಗುತ್ತೆ. ಹಂಗಾಗಿ ಎದೆನೋವಿನೋರನ್ನ ಓಡಾಡಿಸ್ಬೇಡ ಅನ್ನೋದು. ಇಷ್ಟನ್ನ ಒಂದ್ಸಲ ಕೈಯಲ್ಲಿ ಮುಟ್ಟಿದೋಳಿಗೆ ಚಿತ್ರ ಬರೆಯೋಕೆ ಬಾಯಿಪಾಠ ಬೇಕಾ?

ಹುಡುಗಿ: ಕಿಡ್ನಿಗೂ ಹಂಗೇ ಮಾಡ್ಬಹುದಾ?

ಚಿಕ್ಕಮ್ಮ: ಮಾಡ್ಬಹುದು, ಹುಷಾರಾಗಿ ಮಾತ್ರ. ಮನುಷ್ಯರ ಕಿಡ್ನಿ ಸೀಳಿದ್ರೆ ಪಿರಮಿಡ್‌ಗಳು ಬಿಡಿಬಿಡಿಯಾಗಿ ಕಾಣ್ತಾವೆ; ಕುರಿದರಲ್ಲಿ ಒಂದಕ್ಕೊಂದು ಕೂಡ್ಕೊಂಡಿರ್ತಾವೆ. ಕುರಿದು ನೋಡಿ ಮನುಷ್ಯಂದು ಅಂತ ಬರೆದ್ರೆ ಅಂಕ ಹೋಯ್ತು. ಎಲ್ಲಿ ಹೋಲುತ್ತೆ, ಎಲ್ಲಿ ಹೋಲಲ್ಲ ಅನ್ನೋದನ್ನೂ ಪುಸ್ತಕದ ಪಕ್ಕ ಇಟ್ಕೊಂಡೇ ನೋಡ್ಬೇಕು. ಪುಸ್ತಕ ಅಂದಮೇಲೆ ನೆನಪಾಯ್ತು, ನೀನು ಯಾವುದು ಓದ್ತಿದೀಯ?

ಹುಡುಗಿ: ಚೌರಾಸಿಯಾ. ಎಂಬಿಬಿಎಸ್ ಓದೋ ಅಣ್ಣ ಒಬ್ರು ಹಳೇದು ಕೊಟ್ರು.

ಚಿಕ್ಕಮ್ಮ: ಡಾಕ್ಟರಾಗೋರ ಪುಸ್ತಕ ಅದು, ಸಂಪುಟದ ಮೇಲೆ ಸಂಪುಟ. ಅರವತ್ತು ಗಂಟೆ ಪಾಠಕ್ಕೆ ಅದನ್ನ ಹೊತ್ಕೊಂಡು ಹೊರಟ್ರೆ ಕಂಕುಳಲ್ಲೇ ಸೆಮಿಸ್ಟರ್ ಮುಗಿಯುತ್ತೆ. ವಾಪಸ್ ಕೊಡು. ರಾಸ್ ಅಂಡ್ ವಿಲ್ಸನ್ ತಗೊ. ನರ್ಸುಗಳಿಗೇ ಅಂತ ಬರೆದದ್ದು, ರಚನೆ-ಕೆಲಸ ಎರಡೂ ಒಂದೇ ಅಧ್ಯಾಯದಲ್ಲಿ ಬರುತ್ತೆ. ಲೈಬ್ರರೀಲಿ ಇದ್ದೇ ಇರುತ್ತೆ. ಅದರ ಜೊತೆಗೆ ಇನ್ನೊಂದು ಪುಸ್ತಕ ನಿಮ್ಮಜ್ಜಿ ಮನೆ ಅಟ್ಟದಲ್ಲಿದೆ.

ಹುಡುಗಿ: ಅಟ್ಟದಲ್ಲಾ?

ಚಿಕ್ಕಮ್ಮ: ನಿನ್ನ ಫಸ್ಟ್ ಪಿಯುಸಿ ಬಯಾಲಜಿ! ಉಸಿರಾಟ, ರಕ್ತಪರಿಚಲನೆ, ವಿಸರ್ಜನೆ, ಸ್ನಾಯು, ನರ, ಹಾರ್ಮೋನು ಎಲ್ಲ ಅದರಲ್ಲಿದೆ. ಭಾಷೆನೂ ಸಲೀಸು. ಈಗಿನ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಜೀರ್ಣಕ್ರಿಯೆ ಪಾಠ ತೆಗೆದುಬಿಟ್ಟಿದಾರೆ, ಅದೊಂದು ನಷ್ಟ. ನಿಮ್ಮ ಕ್ಲಾಸಲ್ಲಿ ಹೊಟ್ಟೆ-ಕರುಳು ಬಂದಾಗ ಅರ್ಧ ಜನ ಕಣ್ಣು ಬಿಡೋದು ಅದಕ್ಕೇ ಇರಬೇಕು. ಆ ಒಂದು ಸಿಸ್ಟಮ್ಮಿಗೆ ಒಂದು ವಾರ ಹೆಚ್ಚಿಗೆ ಇಟ್ಕೊ.

ಹುಡುಗಿ: ನನ್ನ ಕಷ್ಟ ಅದಕ್ಕಿಂತ ಹಿಂದಿನದು ಚಿಕ್ಕಮ್ಮ. ಅಜ್ಜಂಪುರದಲ್ಲಿ ಹತ್ತನೇ ಕ್ಲಾಸಲ್ಲಿ ಅಪಧಮನಿ, ಅಭಿಧಮನಿ ಅಂತ ಓದಿದ್ದೆ. ಕಡೂರಿಗೆ ಬಂದ ಮೊದಲ ದಿನ ಎಲ್ಲಾ ಇಂಗ್ಲಿಷ್. ಫಸ್ಟ್ ಪಿಯುಸಿ ಪೂರ್ತಿ ಏನು ಹೇಳ್ತಿದಾರೆ ಅಂತ ತಿಳಿಯೋದ್ರಲ್ಲೇ ಹೋಯ್ತು. ನಲವತ್ತೈದು ಪರ್ಸೆಂಟು ಬಂದ್ರೆ ಸಾಕಪ್ಪ, ನರ್ಸಿಂಗಿಗೆ ಆಗುತ್ತೆ ಅಂತ ಕೆಮಿಸ್ಟ್ರಿ ಹೆಂಗೋ ದಾಟಿದೆ. ಈಗ ಮುಂದಿನ ಸೆಮಿಸ್ಟರಲ್ಲಿ ಬಯೋಕೆಮಿಸ್ಟ್ರಿ ಅಂದ್ರೆ ಮೈ ನಡುಗುತ್ತೆ.

ಚಿಕ್ಕಮ್ಮ: ದಾಟಿದ್ದು ಅಂತೀಯ, ಅದು ಅಲ್ಲೇ ಕೂತು ಕಾಯ್ತಿದೆ. ಸೆಕೆಂಡ್ ಪಿಯುಸಿ ಕೆಮಿಸ್ಟ್ರೀಲಿ ದ್ರಾವಣಗಳ ಪಾಠದಲ್ಲಿ ಆಸ್ಮಾಟಿಕ್ ಪ್ರೆಶರ್ ಇತ್ತಲ್ಲ?

ಹುಡುಗಿ: ಇತ್ತು. ಸೂತ್ರ ನೆನಪಿದೆ, ಅರ್ಥ ಇಲ್ಲ.

ಚಿಕ್ಕಮ್ಮ: ಪೋಸ್ಟಿಂಗಲ್ಲಿ ನಾರ್ಮಲ್ ಸಲೈನ್ ಬಾಟಲಿ ಮೇಲೆ ಏನು ಬರೆದಿರುತ್ತೆ?

ಹುಡುಗಿ: 0.9 ಪರ್ಸೆಂಟ್ ಸೋಡಿಯಂ ಕ್ಲೋರೈಡ್.

ಚಿಕ್ಕಮ್ಮ: ಲೀಟರಿಗೆ ಒಂಬತ್ತು ಗ್ರಾಂ ಉಪ್ಪು. ಅರ್ಧ ಲೀಟರ್ ಬಾಟಲೀಲಿ ನಾಲ್ಕೂವರೆ. ಯಾಕೆ ಹತ್ತಲ್ಲ, ಐದಲ್ಲ? ರಕ್ತಕಣದೊಳಗಿನ ನೀರಿಗೂ ಹೊರಗಿನ ನೀರಿಗೂ ಎಳೆತ ಸಮ ಇರ್ಬೇಕು. ಬರೀ ನೀರು ರಕ್ತನಾಳಕ್ಕೆ ಹೋದ್ರೆ ಕಣ ನೀರು ಹೀರಿ ಒಡೆಯುತ್ತೆ, ಉಪ್ಪು ಜಾಸ್ತಿ ಆದ್ರೆ ಸುಕ್ಕಾಗುತ್ತೆ. ನಿಮ್ಮ ಕೆಮಿಸ್ಟ್ರಿ ಪುಸ್ತಕದಲ್ಲೇ ಇದೇ ಉದಾಹರಣೆ ಇದೆ. ನೀನು ಪರೀಕ್ಷೆಗೆ ಓದಿದ್ದು ಸೂತ್ರ, ಬಿಟ್ಟಿದ್ದು ರೋಗಿ. ಸರಿ, ಆ ಅರ್ಧ ಲೀಟರ್ ನಾಲ್ಕು ಗಂಟೇಲಿ ಹೋಗ್ಬೇಕು, ಸೆಟ್ಟು ಮಿಲಿಗೆ ಇಪ್ಪತ್ತು ಹನಿದು. ನಿಮಿಷಕ್ಕೆ ಎಷ್ಟು ಹನಿ?

ಹುಡುಗಿ: ಐನೂರು ಇಂಟು ಇಪ್ಪತ್ತು, ಹತ್ತು ಸಾವಿರ. ಭಾಗಿಸು ಇನ್ನೂರ ನಲವತ್ತು. ನಲವತ್ತೊಂದು ಚಿಲ್ಲರೆ... ನಲವತ್ತೆರಡು.

ಚಿಕ್ಕಮ್ಮ: ಏಳನೇ ಕ್ಲಾಸಿನ ಲೆಕ್ಕ. ನಿನ್ನ ತಮ್ಮ ಕಡೂರಲ್ಲಿ ಪಿಸಿಎಂಬಿ ತಗೊಂಡು ಗಣಿತಕ್ಕೆ ಟ್ಯೂಷನ್, ನೀಟ್‌ಗೆ ಒಂದು ಟ್ಯೂಷನ್, ಸಿಇಟಿಗೆ ಇನ್ನೊಂದು ಅಂತ ರಾತ್ರಿ ಒಂಬತ್ತಕ್ಕೆ ಮನೆಗೆ ಬರ್ತಾನಂತೆ. ಅವನಿಗೇನು ಆಗ್ಬೇಕಂತೆ?

ಹುಡುಗಿ: ಡಾಕ್ಟರು. ಆಗ್ದಿದ್ರೆ ನರ್ಸಿಂಗ್, ಅಂತಾನೆ.

ಚಿಕ್ಕಮ್ಮ: ಆ "ಆಗ್ದಿದ್ರೆ" ಅನ್ನೋ ಮಾತು ನನಗೆ ಹಿಡಿಸಲ್ಲ, ಆ ವಿಷಯ ಬೇರೆ. ನರ್ಸಿಂಗಿಗೆ ಬೇಕಾಗಿರೋದು ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷು. ಕ್ಯಾಲ್ಕುಲಸ್ ಇಲ್ದೇನೇ ವಾರ್ಡ್ ನಡೆಯುತ್ತೆ. ಮೂರು ಸೈನ್ಸನ್ನ ನೆಟ್ಟಗೆ ಓದಿದೋನು ನಾಲ್ಕನ್ನ ಅರೆಬರೆ ಓದಿದೋನಿಗಿಂತ ಮುಂದೆ ಹೋಗ್ತಾನೆ. ಇದನ್ನ ನಿಮ್ಮಪ್ಪನಿಗೆ ಹೇಳಿದ್ರೆ ಪಿಸಿಎಂಬಿ ಅಂದ್ರೆ ನಾಲ್ಕು ಬಾಗಿಲು ತೆರೆದಿರುತ್ತೆ ಅಂತಾರೆ. ಒಳಗೆ ಹೋಗೋದು ಒಂದೇ ಬಾಗಿಲಲ್ಲಿ ತಾನೇ.

ಹುಡುಗಿ: ಇಂಗ್ಲಿಷ್ ವಿಷಯಕ್ಕೆ ಬಾ. ಗೊತ್ತಿರೋದನ್ನೂ ಬರೆಯೋಕಾಗಲ್ಲ ನಂಗೆ. ಈ ಸಲ ಅಂಕ ಹೋಗಿರೋದು ಅದರಲ್ಲೇ ಜಾಸ್ತಿ.

ಚಿಕ್ಕಮ್ಮ: ನಾನೂ ಕನ್ನಡ ಶಾಲೆಯವಳೇ. ಅರ್ಥ ಮಾಡ್ಕೊಳ್ಳೋದು ಕನ್ನಡದಲ್ಲಿ ಮಾಡ್ಕೊ, ಯಾರ ಅಪ್ಪಣೇನೂ ಬೇಡ. ರಾತ್ರಿ ಫೋನಲ್ಲಿ ಅಜ್ಜಿಗೆ ಹೇಳು, ನಿನ್ನ ಮಂಡಿ ಯಾಕೆ ನೋಯುತ್ತೆ ಅಂತ. ಕೀಲಲ್ಲಿ ಏನಿದೆ, ಸವೆದದ್ದು ಯಾವುದು ಅಂತ ಅವಳಿಗೆ ತಿಳಿಯೋ ಹಾಗೆ ಹೇಳೋಕೆ ಬಂತು ಅಂದ್ರೆ ನಿನಗೂ ಬಂತು. ಬರೆಯೋದು ಮಾತ್ರ ದಿನಾ ಇಂಗ್ಲಿಷಲ್ಲಿ. ಸಣ್ಣ ಸಣ್ಣ ವಾಕ್ಯ. ದೊಡ್ಡದು ಕಟ್ಟೋಕೆ ಹೋಗ್ಬೇಡ, ಅಲ್ಲೇ ವ್ಯಾಕರಣ ಜಾರೋದು. ಚಿತ್ರ ಬರೆದು ಹೆಸರು ಸರಿಯಾಗಿ ಗುರುತಿಸಿದ್ರೆ ಅರ್ಧ ಉತ್ತರ ಆಯ್ತು, ಚಿತ್ರಕ್ಕೆ ಮಾಧ್ಯಮ ಇಲ್ಲ. ಹಳೇ ಕ್ಯಾಲೆಂಡರ್ ಹಿಂದುಗಡೆ ಬಿಳಿ ಇರುತ್ತಲ್ಲ, ಅದರಲ್ಲಿ ದೊಡ್ಡದಾಗಿ ಬರೀ. ಅಂಗೈಯಷ್ಟು ಚಿತ್ರ ಬರೆದ್ರೆ ತಪ್ಪು ಮುಚ್ಚಿಹೋಗುತ್ತೆ.

ಹುಡುಗಿ: ಹಂಗಾದ್ರೆ ವಾರ ಹೆಂಗೆ ಹಾಕ್ಕೊಳ್ಲಿ?

ಚಿಕ್ಕಮ್ಮ: ವಾರಕ್ಕೆ ಒಂದು ಸಿಸ್ಟಮ್. ಸೋಮವಾರ ಬೆಳಿಗ್ಗೆ ತಲೆ ಚುರುಕಾಗಿರೋವಾಗ ಅದರ ಚಿತ್ರ. ಮಾರನೇ ದಿನ ಅದೇ ಚಿತ್ರದ ಮೇಲೆ ಬೇರೆ ಬಣ್ಣದ ಪೆನ್ನಲ್ಲಿ ಕೆಲಸ ಗುರುತು ಹಾಕು, ರಕ್ತ ಎಲ್ಲಿಂದ ಎಲ್ಲಿಗೆ, ಗಾಳಿ ಹೆಂಗೆ. ಬುಧವಾರ ಆ ಅಂಗಕ್ಕೆ ವಾರ್ಡಲ್ಲಿ ನೀನು ಏನು ಮಾಡ್ತೀಯ ಅನ್ನೋದು. ಉಸಿರಾಟ ಆದ್ರೆ ಉಸಿರು ಎಣಿಸೋದು, ಆಕ್ಸಿಜನ್ ಕೊಡೋದು, ರೋಗಿನ ಒರಗಿಸಿ ಕೂರಿಸೋದು. ಆಮೇಲೊಂದು ದಿನ ಪುಸ್ತಕ ಮುಚ್ಚಿ ಎರಡು ಪ್ರಶ್ನೆಗೆ ಗಡಿಯಾರ ಇಟ್ಕೊಂಡು ಉತ್ತರ. ಶುಕ್ರವಾರ ಏನೂ ಬೇಡ. ಬಸ್ಸು ತಪ್ಪಿದ್ದು, ಅಸೈನ್‌ಮೆಂಟು, ಯಾರದೋ ಮದುವೆ, ಎಲ್ಲ ಆ ದಿನಕ್ಕೇ ಬಂದು ಬೀಳ್ತಾವೆ, ಖಾಲಿ ಇಟ್ಟಿರು. ಪೋಸ್ಟಿಂಗ್ ಇರೋ ವಾರ ರಾತ್ರಿ ಓದೋಕೆ ಹೋಗ್ಬೇಡ. ಕಾಲು ಬಿದ್ದುಹೋಗಿರ್ತಾವೆ. ಮಲಗು.

ಹುಡುಗಿ: ಮಲಗು ಅಂತ ಹೇಳೋರು ನೀನೊಬ್ಳೇ. ಕ್ಲಾಸಲ್ಲಿ ರಾತ್ರಿ ಎರಡರವರೆಗೆ ಓದಿದ್ವಿ ಅಂತ ಹೆಮ್ಮೆಯಿಂದ ಹೇಳ್ಕೊಳ್ತಾರೆ.

ಚಿಕ್ಕಮ್ಮ: ಬೆಳಿಗ್ಗೆ ವಾರ್ಡಲ್ಲಿ ಥರ್ಮಾಮೀಟರ್ ಓದೋವಾಗ ಕಣ್ಣು ಮಂಜಾಗೋದನ್ನ ಹೇಳ್ಕೊಳ್ಳಲ್ಲ. ನೈಟ್ ಡ್ಯೂಟಿ ನಿನಗೆ ಮುಂದೆ ಬೇಕಾದಷ್ಟಿದೆ, ಈಗ್ಲೇ ಅವಸರ ಬೇಡ.

ಹುಡುಗಿ: ಮುಂದಿನ ಸೆಮಿಸ್ಟರ್ ಬಯೋಕೆಮಿಸ್ಟ್ರಿ 40 ಗಂಟೆ, ನ್ಯೂಟ್ರಿಷನ್ 60. ಅವೂ ಒಂದೇ ಪೇಪರ್ ಅಂತೆ, 25 ಮತ್ತೆ 50. ಅದಕ್ಕೂ ಇದೇ ಲೆಕ್ಕ ನಡೆಯುತ್ತಾ?

ಚಿಕ್ಕಮ್ಮ: ಆ ಡಬ್ಬೀಲಿ ಒಆರ್‌ಎಸ್ ಪ್ಯಾಕೆಟ್ ಇದೆ, ಹಿಂದುಗಡೆ ಓದು.

ಹುಡುಗಿ: ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಶಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9. ಒಂದು ಲೀಟರ್ ನೀರಿಗೆ.

ಚಿಕ್ಕಮ್ಮ: ಒಟ್ಟು ಇಪ್ಪತ್ತೂವರೆ ಗ್ರಾಂ ಪುಡಿ. ಭೇದಿ ಆಗ್ತಿರೋ ಮಗುಗೆ ಸಕ್ಕರೆ ಯಾಕೆ? ಬಾಯಿ ರುಚಿಗಲ್ಲ. ಸಣ್ಣ ಕರುಳಿನ ಗೋಡೇಲಿ ಸೋಡಿಯಂನ ಗ್ಲೂಕೋಸ್ ಜೊತೆ ಸೇರಿಸಿ ಒಳಗೆ ಎಳ್ಕೊಳ್ಳೋ ದಾರಿ ಒಂದಿದೆ. ಭೇದೀಲೂ ಆ ದಾರಿ ಕೆಡೋದಿಲ್ಲ. ಅವೆರಡೂ ಹೋದ ಕಡೆ ನೀರು ಹಿಂಬಾಲಿಸುತ್ತೆ. ಸಕ್ಕರೆ ಜಾಸ್ತಿ ಹಾಕಿದ್ರೆ ಉಲ್ಟಾ, ನೀರನ್ನ ಕರುಳಿಗೇ ಎಳೆದು ಭೇದಿ ಹೆಚ್ಚಿಸುತ್ತೆ. ಆಸ್ಮಾಟಿಕ್ ಪ್ರೆಶರ್ ಮತ್ತೆ ಬಂತು ನೋಡು, ನೀನು ದಾಟಿದ್ದು. ಅಜ್ಜಿ ಗಂಜಿಗೆ ಉಪ್ಪು ಹಾಕಿ ಕೊಡ್ತಿದ್ಲಲ್ಲ, ಅಕ್ಕಿ ಪಿಷ್ಟ ಕರುಳಲ್ಲಿ ಗ್ಲೂಕೋಸ್ ಆಗುತ್ತೆ, ಉಪ್ಪಲ್ಲಿ ಸೋಡಿಯಂ. ಅಲ್ಲಿಗೆ ನ್ಯೂಟ್ರಿಷನ್ ಪಾಠಾನೂ ಮುಗೀತು. ಎರಡನೇ ಸೆಮಿಸ್ಟರಿನ ಮೊದಲ ದಿನ ಈ ಪ್ಯಾಕೆಟ್ ಹಿಡ್ಕೊಂಡು ಹೋಗು, ಪುಸ್ತಕದಲ್ಲಿ ಎಷ್ಟು ಕಡೆ ಇದು ಬರುತ್ತೆ ಅಂತ ಎಣಿಸು.

ಹುಡುಗಿ: ಒಂದು ಮಾತು ಕೇಳ್ತೀನಿ, ಬೈಬೇಡ. ನೀನು ಹೇಳಿದ ಹಾಗೆ ವಾರಕ್ಕೊಂದು ಸಿಸ್ಟಮ್ ಮಾಡೋಕೆ ನಾನು ರೆಡಿ. ಆದ್ರೆ ಕ್ಲಾಸಲ್ಲಿ ಅನಾಟಮಿ ಮೇಡಮ್ ಈಗ ಮೂಳೆ ಮಾಡ್ತಿದಾರೆ, ಫಿಸಿಯಾಲಜಿ ಸರ್ ರಕ್ತದಲ್ಲಿದಾರೆ. ಕಿಡ್ನಿ ಚಿತ್ರ ಬರೆಸಿದ್ದು ಯಾವಾಗ್ಲೋ, ಅದು ಮೂತ್ರ ಹೆಂಗೆ ಮಾಡುತ್ತೆ ಅಂತ ಹೇಳೋದು ಇನ್ಯಾವಾಗ್ಲೋ. ಅಷ್ಟೊತ್ತಿಗೆ ಚಿತ್ರ ಮರೆತಿರುತ್ತೆ. ಇದು ನನ್ನ ಟೈಮ್‌ಟೇಬಲ್ ತಪ್ಪಾ?

ಚಿಕ್ಕಮ್ಮ: ಇಲ್ಲ ಮಗಳೇ, ಇದು ನಿನ್ನ ತಪ್ಪಲ್ಲ. ಸಿಲಬಸ್ ಮಾಡಿದೋರ ತಪ್ಪೂ ಅಲ್ಲ. ಆ ಪುಸ್ತಕದಲ್ಲಿ ಎರಡು ಸಬ್ಜೆಕ್ಟಿನ ಯೂನಿಟ್ ಪಕ್ಕಪಕ್ಕ ಇಟ್ಟು ನೋಡು.

ಹುಡುಗಿ: ಉಸಿರಾಟ, ಜೀರ್ಣಾಂಗ, ರಕ್ತಪರಿಚಲನೆ... ಹೆಚ್ಚುಕಡಿಮೆ ಒಂದೇ ಸಾಲಲ್ಲಿದೆ!

ಚಿಕ್ಕಮ್ಮ: ಸಾಲು ಹಾಕಿಕೊಟ್ಟಿದಾರೆ. ಪಾಠ ಮಾಡೋರಲ್ಲಿ ಒಬ್ರು ಹೊರಗಿಂದ ಬರ್ತಾರೆ, ಇನ್ನೊಬ್ರಿಗೆ ನಾಲ್ಕು ಕ್ಲಾಸಿನ ಹೊರೆ, ತಮಗೆ ಅನುಕೂಲ ಆದದ್ದನ್ನ ಮೊದಲು ಎತ್ಕೊಳ್ತಾರೆ. ಯಾರನ್ನೂ ದೂರೋಕೆ ಹೇಳ್ತಿಲ್ಲ, ಎಲ್ಲ ಕಾಲೇಜಲ್ಲೂ ಇರೋದೇ. ಆದ್ರೆ ಹೊಡೆತ ಬೀಳೋದು ಕನ್ನಡ ಮಾಧ್ಯಮದಿಂದ ಬಂದ ನಿನ್ನಂಥೋರಿಗೆ. ಎರಡು ತುಂಡನ್ನ ತಾವೇ ಜೋಡಿಸ್ಕೊಳ್ಳೋ ಅಭ್ಯಾಸ ಇರೋ ಹುಡುಗರು ಹೆಂಗೋ ದಡ ಸೇರ್ತಾರೆ.

ಹುಡುಗಿ: ಅದನ್ನ ನಾವು ಹೋಗಿ ಕೇಳೋಕಾಗುತ್ತಾ? ಸೀಟು ಕೊಟ್ಟಿರೋದೇ ದೊಡ್ಡದು ಅಂತಾರೆ.

ಚಿಕ್ಕಮ್ಮ: ಒಬ್ಳೇ ಹೋಗ್ಬೇಡ. ಕ್ಲಾಸಿನ ಹತ್ತು ಜನ ಸೇರಿ, ಎರಡು ಸಿಲಬಸ್ ಪುಟಗಳ ಜೆರಾಕ್ಸ್ ಹಿಡ್ಕೊಂಡು, ಜಗಳದ ದನಿಯಲ್ಲದೆ ಕೇಳಿ. ಸೆಮಿಸ್ಟರ್ ಶುರುವಾಗೋ ಮುಂಚೆ ಅನಾಟಮಿ ಹೇಳೋರು, ಫಿಸಿಯಾಲಜಿ ಹೇಳೋರು, ನರ್ಸಿಂಗ್ ಫೌಂಡೇಶನ್ ಹೇಳೋರು ಮೂವರೂ ಒಂದು ಗಂಟೆ ಕೂತು ಯಾವ ವಾರ ಯಾವ ಸಿಸ್ಟಮ್ ಅಂತ ಬರ್ಕೊಂಡ್ರೆ ಸಾಕು. ಅದಕ್ಕೆ ಸರ್ಕಾರದ ಆದೇಶ ಬೇಡ, ಯೂನಿವರ್ಸಿಟಿ ಸುತ್ತೋಲೆ ಬೇಡ, ಒಂದು ರೂಪಾಯಿ ಖರ್ಚಿಲ್ಲ. ಮೂವರೂ ಕಾಫಿ ಕುಡಿಯೋದು ಒಂದೇ ಸ್ಟಾಫ್ ರೂಮಲ್ಲಿ.